ಗಾಯಕರ ಆಹಾರ: ಕುಂಡಯಿ ಸೀಮೆಯ ಹಿನ್ನೆಲೆಯಲ್ಲಿ

ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಿತೆಂದರೆ ಹಾಡುವ ಮಕ್ಕಳಿಗೆ ಉಪಾಧ್ಯಾಯರಾದ ನಾವು ಮೊದಲು ಹೇಳುವ ಮಾತು, “ಮೊಸರು ಮುಟ್ಟಬೇಡ, ಹುಳಿ ತಿನ್ನಬೇಡ” ಎಂಬುದು. ಮಗುವು ಮಜ್ಜಿಗೆಯನ್ನು ಬಿಟ್ಟು, ಕೆಲವು ವೇಳೆ ಊಟವನ್ನೇ ಬಿಟ್ಟು, ಎರಡು ಕಾಳುಮೆಣಸನ್ನು ಅಗಿದು ವೇದಿಕೆಯನ್ನೇರುವುದುಂಟು. ಈ ನಿಷೇಧಕ್ಕೆ ಪರಂಪರೆಯ ಬಲವಿದೆಯೆಂದು ನಾವು ನಂಬಿದ್ದೇವೆ. ಆ ಪರಂಪರೆಯು ನಿಜವಾಗಿ ಹೇಳುವುದೇನು? ಸಂಗೀತಕ್ಕೆ ಹೆಸರಾದ ಒಂದು ಸೀಮೆಯಿಂದಲೇ ಈ ವಿಚಾರವನ್ನು ಆರಂಭಿಸುವುದು ಉಚಿತ.

ಗೋವೆಯ ಫೋಂಡಾ ತಾಲೂಕಿನ ಕುಂಡಯಿಯು ನವದುರ್ಗೆಯ ದೇವಾಲಯವುಳ್ಳ ಗ್ರಾಮ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಿಸವಾಡಿ, ಸಾಷ್ಟಿಗಳ ಗುಡಿಗಳನ್ನು ಕೆಡವತೊಡಗಿದಾಗ ಅನೇಕ ದೇವತೆಗಳು ಹೊಳೆ ದಾಟಿ ಈ ಸೀಮೆಯನ್ನು ಸೇರಿದವು. 1560ರಲ್ಲಿ ಕುಶಸ್ಥಳಿಯ ಮಂಗೇಶನು ಬಂದು ನೆಲೆಸಿದ ಮಂಗೇಶಿಯು ಕುಂಡಯಿಯ ನೆರೆಯಲ್ಲಿಯೇ ಇದೆ. ಫೋಂಡಾ ಆಗ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಪೋರ್ಚುಗೀಸರ ವಶವಾದುದು 1763ರಲ್ಲಿ. ಗುಡಿಗಳೊಡನೆ ಸಂಗೀತಸೇವೆಯೂ ಇಲ್ಲಿ ಬೇರೂರಿತು. ಆ ಸೇವೆಯನ್ನು ನಡೆಸಿದ ಕಲಾವಂತ ಸ್ತ್ರೀಯರ ಅನ್ನವು ಗುಡಿಗೂ ಆಶ್ರಯದಾತರಿಗೂ ಕಟ್ಟುಬಿದ್ದುದಾಗಿತ್ತು. ಸಂಗೀತದ ಚರಿತ್ರೆಯನ್ನು ಬರೆಯುವಾಗ ಅವರ ಕಂಠವನ್ನು ಕೊಂಡಾಡುತ್ತೇವೆ. ಆ ಕಂಠಕ್ಕೆ ಅಕ್ಕಿ ಎಲ್ಲಿಂದ ಬಂತೆಂದು ಕೇಳುವವರು ವಿರಳ.

ಇದೇ ತಾಲೂಕಿನ ಕೇರಿಯಲ್ಲಿ 1892ರಲ್ಲಿ ಕೇಸರಬಾಯಿ ಕೇರಕರರೂ, ಮಂಗೇಶಿಯಲ್ಲಿ 1900ರಲ್ಲಿ ದೀನಾನಾಥ ಮಂಗೇಶಕರರೂ ಜನಿಸಿದರು. ಒಬ್ಬೊಬ್ಬರ ಊಟದ ಎಲೆಯನ್ನು ಪರೀಕ್ಷಿಸುವುದು ನಮ್ಮ ಉದ್ದೇಶವಲ್ಲ. ಸೀಮೆಯ ಸಾಮಾನ್ಯ ಆಹಾರವಂತೂ ನಮಗೆ ಅಪರಿಚಿತವಾದುದಲ್ಲ. ನಮ್ಮ ಕುಚ್ಚಲಕ್ಕಿ ಗಂಜಿಯೇ ಅಲ್ಲಿ ‘ಪೇಜ’. ನಮ್ಮ ಪುನರ್ಪುಳಿಯ ಒಣಸಿಪ್ಪೆಯೇ ಅಲ್ಲಿನ ‘ಸೋಲ’. ತೆಂಗು, ಮೀನು, ಹುಳಿ ಇವೆಲ್ಲ ನಿತ್ಯದವು. ಹುಳಿಯೊಂದರಿಂದಲೇ ಕಂಠವು ಕೆಡುವುದಾಗಿದ್ದರೆ ಈ ನಾಡು ಗಾಯಕರ ತವರಾಗುತ್ತಿರಲಿಲ್ಲ.

ಗೋವೆಗೂ ಕನ್ನಡಕ್ಕೂ ಈ ವಿಷಯದಲ್ಲಿ ಹಳೆಯ ನಂಟಿದೆ. ಗೋವೆಯ ಕದಂಬ ದೊರೆ ಇಮ್ಮಡಿ ಜಯಕೇಶಿಯ ರಾಣಿ ಮೈಲಲದೇವಿಯು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಮಗಳು. ಆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೂ ಗೀತವಿನೋದಕ್ಕೂ ಸ್ಥಾನವುಂಟು. ಊಟವೂ ಹಾಡೂ ಒಂದೇ ಗ್ರಂಥದ ವಿಷಯಗಳಾಗಬಲ್ಲವೆಂದು ಆ ಅರಸನು ಬಗೆದಿದ್ದನು.

ಮುಂದಿನ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ವನ್ನು ರಚಿಸಿದನು. ನಾದವನ್ನು ಹೇಳುವ ಮೊದಲ ಅಧ್ಯಾಯದಲ್ಲಿಯೇ ಆತನು ಮನುಷ್ಯದೇಹದ ರಚನೆಯನ್ನು ವಿವರಿಸುತ್ತಾನೆ. ಕಂಠಧ್ವನಿಯನ್ನು ಖಾಹುಲ, ನಾರಾಟ, ಬೊಂಬಕ, ಮಿಶ್ರ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲ ಮೂರಕ್ಕೆ ಕ್ರಮವಾಗಿ ಕಫ, ಪಿತ್ತ, ವಾತಗಳನ್ನು ಕಾರಣವೆನ್ನುತ್ತಾನೆ. ಗಮನಿಸಬೇಕಾದುದೇನೆಂದರೆ, ಕಫದಿಂದಾದ ಖಾಹುಲವು ಸ್ನಿಗ್ಧವೂ ಮಧುರವೂ ಸುಕುಮಾರವೂ ಆದುದೆಂದೇ ಆತನ ಮತ. ಕಫವೆಂದರೆ ಗಾಯಕನ ಶತ್ರುವೆಂದು ನಾವು ಸಾರುವ ಮಾತಿಗೆ ಇಲ್ಲಿ ಆಧಾರ ದೊರೆಯದು. ಇನ್ನು ಚರಕಸಂಹಿತೆಯು ಕಂಠಕ್ಕೆ ಹಿತವಾದ ಹತ್ತು ದ್ರವ್ಯಗಳನ್ನು ಹೇಳಿದೆ. ಕಬ್ಬಿನ ಬೇರು, ಅತಿಮಧುರ, ಹಿಪ್ಪಲಿ, ದ್ರಾಕ್ಷಿ ಅವುಗಳಲ್ಲಿ ಸೇರಿವೆ. ಇದು ಕೊಡಬೇಕಾದವುಗಳ ಪಟ್ಟಿಯೇ ಹೊರತು ಕಸಿದುಕೊಳ್ಳಬೇಕಾದವುಗಳದಲ್ಲ.

ಹಾಗಾದರೆ ಕಂಠವು ಕೆಡುವುದು ಯಾವುದರಿಂದ? ಕೇಸರಬಾಯಿಯವರ ಗುರುಗಳಾದ ಅಲ್ಲಾದಿಯಾ ಖಾನರ (1855–1946) ಜೀವನದಲ್ಲಿ ಇದಕ್ಕೊಂದು ಉತ್ತರವಿದೆ. ಆಶ್ರಯದಾತನ ಮುಂದೆ ಎಡೆಬಿಡದೆ ಹಾಡಿ ಅವರು ತಮ್ಮ ಕಂಠವನ್ನು ಕಳೆದುಕೊಂಡರು. ಉಳಿದ ಕಂಠಕ್ಕೆ ಹೊಂದುವಂತೆ ಹೊಸ ಗಾಯನಶೈಲಿಯನ್ನು ಕಟ್ಟಿಕೊಂಡರು. ಅದೇ ಜಯಪುರ-ಅತ್ರೌಲಿ ಘರಾಣೆ. ಅವರ ಮಕ್ಕಳ ಮೂಲಕ ಅದು ನಮ್ಮ ಮಲ್ಲಿಕಾರ್ಜುನ ಮನ್ಸೂರರಿಗೂ (1910–1992) ಬಂತು. ಇಲ್ಲಿ ಕಂಠವನ್ನು ಕೆಡಿಸಿದ್ದು ವಿಶ್ರಾಂತಿಯಿಲ್ಲದ ದುಡಿಮೆ, ಮೊಸರಲ್ಲ.

ಇಂದಿನ ಶರೀರಶಾಸ್ತ್ರವೂ ಇದಕ್ಕೆ ಅನುಕೂಲವಾಗಿಯೇ ಇದೆ. ನಾವು ನುಂಗಿದ ವಸ್ತು ಅನ್ನನಾಳಕ್ಕೆ ಹೋಗುತ್ತದೆ. ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಆದಕಾರಣ ಮೊಸರಾಗಲಿ ಜೇನಾಗಲಿ ಅವುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಹಾಲು ಕುಡಿದಾಗ ಜೊಲ್ಲು ದಪ್ಪವಾದಂತೆ ತೋರಬಹುದು. ಆರೋಗ್ಯವಂತರಲ್ಲಿ ಅದರಿಂದ ಕಫವು ಹೆಚ್ಚುವುದಿಲ್ಲ. ಸ್ತ್ರೀಯರ ಸಾಮಾನ್ಯ ಮಾತಿನಲ್ಲಿಯೇ ಸೆಕೆಂಡಿಗೆ ಸುಮಾರು 200 ಬಾರಿ ಕಂಪಿಸುವ ಈ ತಂತುಗಳಿಗೆ ತೇವ ಬೇಕು. ಅದು ದೇಹಕ್ಕೆ ಸೇರಿದ ನೀರಿನಿಂದ ನಿಧಾನವಾಗಿ ಒದಗುತ್ತದೆ. ಹಾಡುವ ಗಳಿಗೆಯಲ್ಲಿ ಕುಡಿದ ಒಂದು ಲೋಟಕ್ಕಿಂತ ದಿನವಿಡೀ ಕುಡಿದ ನೀರು ಮೇಲು. ಹೊಟ್ಟೆ ಬಿರಿಯುವಂತೆ ಉಂಡರೆ ವಪೆಯು ಇಳಿಯಲಾರದೆ ಉಸಿರು ಮೊಟಕಾಗುತ್ತದೆ. ತಡರಾತ್ರಿ ಖಾರವಾಗಿ ಉಂಡು ಕೂಡಲೇ ಮಲಗಿದರೆ ಜಠರದ ಆಮ್ಲವು ಮೇಲೇರಿ ಗಂಟಲನ್ನು ಸುಡಬಹುದು. ಅಂಥವರಿಗೆ ಹುಳಿಯೂ ಒಗ್ಗದಿರಬಹುದು. ಇನ್ನು ಹೊಗೆಸೊಪ್ಪು ಯಾರಿಗೂ ಹಿತವಲ್ಲ.

ಆದುದರಿಂದ ಎಲ್ಲರಿಗೂ ಒಂದೇ ಪಥ್ಯವೆಂಬುದು ಸಲ್ಲದು. ಆಯಾ ದೇಹವನ್ನು ನೋಡಿ ಹೇಳಬೇಕೆಂಬುದೇ ಶಾರ್ಙ್ಗದೇವನ ವಿಂಗಡಣೆಯಿಂದ ನಾವು ಕಲಿಯಬಹುದಾದ ಪಾಠ. ಹಾಡುವ ಮಗುವಿಗೆ ಎರಡು ಗಂಟೆ ಮುಂಚಿತವಾಗಿ ಹಿತಮಿತವಾದ ಊಟವಾಗಿರಲಿ. ಗಂಜಿಯಾದರೂ ಸರಿ, ಮಜ್ಜಿಗೆಯನ್ನವಾದರೂ ಸರಿ. ಬಳಿಕ ನೀರು, ಗಂಟಲಿಗೆ ವಿಶ್ರಾಂತಿ. ದಿನಕ್ಕೆ ಐದಾರು ತರಗತಿಗಳಲ್ಲಿ ಗಂಟಲೊಡೆದು ಪಾಠ ಹೇಳುವ ಉಪಾಧ್ಯಾಯ ಬಂಧುಗಳಿಗೂ ಈ ಮಾತು ಅನ್ವಯಿಸುತ್ತದೆ. ಬರುವ ವಾರ್ಷಿಕೋತ್ಸವದಂದು “ಮೊಸರು ತಿಂದೆಯಾ?” ಎಂದು ಗದರಿಸುವ ಬದಲು “ಉಂಡೆಯಾ ಮಗು?” ಎಂದು ಕೇಳೋಣ. ಗಾಯಕರ ಆಹಾರದ ವಿಚಾರವು ಅಲ್ಲಿಂದಲೇ ಮೊದಲಾಗತಕ್ಕದ್ದೆಂಬುದು ನಮ್ಮ ನಮ್ರ ಅಭಿಪ್ರಾಯ.