ಹಾಡಿನಲ್ಲುಳಿದ ಇತಿಹಾಸ

ಶತ್ರುವನ್ನು ಮರೆತ ಜನ ಕಾವಲುಗಾರನನ್ನೂ ಮರೆಯುತ್ತಾರೆ. ಆನ್ ಮೆಕ್‌ಕ್ಯಾಫ್ರಿಯವರ ‘ಡ್ರ್ಯಾಗನ್‌ಫ್ಲೈಟ್’ ಕಾದಂಬರಿಯ ಬೀಜ ಇರುವುದು ಈ ಮಾತಿನಲ್ಲಿ. ನನಗೆ ಬಹು ಪ್ರಿಯವಾದ ಗ್ರಂಥವದು. ಬೆಂಕಿಯುಗುಳುವ ಮೃಗಗಳ ಕಥೆಯೆಂದು ಅದನ್ನು ಮಕ್ಕಳ ಕಪಾಟಿಗೆ ತಳ್ಳುವವರ ಮಾತನ್ನು ನಾನು ಒಪ್ಪಲಾರೆ.

ಮೆಕ್‌ಕ್ಯಾಫ್ರಿಯವರು 1926ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಹುಟ್ಟಿದರು. ಕಾದಂಬರಿಯ ಮೊದಲ ಭಾಗ 1967ರಲ್ಲಿ ‘ಅನಲಾಗ್’ ಪತ್ರಿಕೆಯಲ್ಲಿ ಅಚ್ಚಾಗಿ, ಮರುವರ್ಷ ಹ್ಯೂಗೊ ಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಕಥಾಸಾಹಿತ್ಯಕ್ಕಾಗಿ ಆ ಗೌರವ ಪಡೆದ ಮೊದಲ ಮಹಿಳೆ ಈಕೆ. ಕಾದಂಬರಿ ಪುಸ್ತಕರೂಪದಲ್ಲಿ ಬಂದುದು 1968ರಲ್ಲಿ. 1970ರಲ್ಲಿ ಐರ್ಲೆಂಡಿಗೆ ಹೋಗಿ ನೆಲಸಿದ ಅವರು 2011ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಥೆ ನಡೆಯುವುದು ಪರ್ನ್ ಎಂಬ ಗ್ರಹದಲ್ಲಿ. ಸುಮಾರು 200 ವರ್ಷಗಳಿಗೊಮ್ಮೆ ಕೆಂಪು ನಕ್ಷತ್ರವೊಂದು ಸಮೀಪಿಸಿದಾಗ ಆಕಾಶದಿಂದ ಎಳೆಗಳು ಉದುರುತ್ತವೆ. ಅವು ಮುಟ್ಟಿದ ಬೆಳೆಯೂ ಜೀವವೂ ನಾಶ. ಡ್ರ್ಯಾಗನ್‌ಗಳು ಒಂದು ಬಗೆಯ ಕಲ್ಲನ್ನು ಅಗಿದು, ಬೆಂಕಿಯುಗುಳಿ, ಎಳೆಗಳನ್ನು ನಡುಗಾಳಿಯಲ್ಲೇ ಸುಡುತ್ತವೆ. ಮೊಟ್ಟೆಯೊಡೆದು ಬಂದ ಮರಿ ತನ್ನ ಸವಾರನನ್ನು ತಾನೇ ಆರಿಸಿಕೊಳ್ಳುತ್ತದೆ. ಅಂದಿನಿಂದ ಇಬ್ಬರ ಮನಸ್ಸೂ ಒಂದೇ. ಸವಾರರು ನೆಲ ಉಳುವವರಲ್ಲ. ಅವರ ನೆಲೆಯಾದ ‘ವೇರ್’ಗಳಿಗೆ ಧಾನ್ಯ, ಬಟ್ಟೆಬರೆ ಸಲ್ಲಿಸುವ ಹೊಣೆ ಒಡೆಯರಿಗೂ ಕುಶಲಕರ್ಮಿಗಳಿಗೂ ಸೇರಿದ್ದು.

ಕಾದಂಬರಿ ಆರಂಭವಾಗುವಾಗ 400 ವರ್ಷಗಳಿಂದ ಒಂದು ಎಳೆಯೂ ಬಿದ್ದಿಲ್ಲ. ಆರು ವೇರ್‌ಗಳಲ್ಲಿ ಐದು ಬರಿದಾಗಿವೆ. ಏಕೆಂದು ಯಾರಿಗೂ ತಿಳಿಯದು. ಕಾಣದ ವೈರಿಗಾಗಿ ಕಾಳನ್ನೇಕೆ ಕೊಡಬೇಕೆಂದು ಒಡೆಯರು ಗೊಣಗುತ್ತಾರೆ. ಅವರ ವಾದದಲ್ಲಿ ತರ್ಕವಿದೆ. ಅದೇ ಕಥೆಯ ಬಿಗಿ. ಹಳೆಯ ಚರ್ಮದ ದಾಖಲೆಗಳು ಸವೆದುಹೋಗಿವೆ. ಉಳಿದಿರುವುದು ಗಾಯಕರು ಎಳೆಯರಿಗೆ ಕಲಿಸುವ ಹಾಡುಗಳು. ಅರ್ಥ ಮರೆತರೂ ಬಾಯಿಪಾಠ ನಿಂತಿಲ್ಲ. ಅಂತಹ ಒಂದು ಹಾಡು, ಒಂದು ಹಳೆಯ ಚಿತ್ರಪಟ — ಇವೆರಡರ ಸುಳಿವು ಹಿಡಿದು ನಾಯಕಿ ಲೆಸ್ಸಾ ತನ್ನ ರಾಣಿ ಡ್ರ್ಯಾಗನ್ ರಾಮೋತ್‌ಳನ್ನೇರಿ 400 ವರ್ಷ ಹಿಂದಕ್ಕೆ ಹೋಗುತ್ತಾಳೆ. ಆ ಐದು ವೇರ್‌ಗಳ ಸವಾರರನ್ನು ತನ್ನ ಕಾಲಕ್ಕೆ ಕರೆತರುತ್ತಾಳೆ. ಅವು ಬರಿದಾದುದು ಏಕೆಂಬ ಒಗಟೂ ಹೀಗೆ ಬಿಡಿಸಿತು.

ದೋಷವಿಲ್ಲವೆಂದಲ್ಲ. ನಾಯಕ ಫ್ಲಾರ್ ಲೆಸ್ಸಾಳನ್ನು ಹಿಡಿದು ಕುಲುಕುವ ಒರಟುತನವನ್ನು ಪ್ರೇಮದ ಗುರುತೆಂದು ಇಂದಿನ ವಾಚಕರು ಒಪ್ಪಲಾರರು. ಆದರೂ ಮನೆಮಂದಿಯನ್ನು ಕೊಂದವನ ಕೋಟೆಯಲ್ಲಿಯೇ ಹತ್ತು ವರ್ಷ ಕಸಗುಡಿಸುತ್ತ ಸಮಯ ಕಾದ ಲೆಸ್ಸಾಳ ಛಲ ಮರೆಯುವಂತಹುದಲ್ಲ.

1971ರ ‘ಡ್ರ್ಯಾಗನ್‌ಕ್ವೆಸ್ಟ್’ನಲ್ಲಿ ಕಥೆ ಮತ್ತೊಂದು ತಿರುವು ಪಡೆಯುತ್ತದೆ. ಹಿಂದಿನ ಕಾಲದಿಂದ ಬಂದ ಆ ವೀರರು ಹಳೆಯ ಮರ್ಯಾದೆಯನ್ನೂ ಹಳೆಯ ಕಾಣಿಕೆಯನ್ನೂ ಕೇಳತೊಡಗುತ್ತಾರೆ. ಬದಲಾದ ಲೋಕದೊಡನೆ ಹೊಂದಲಾರರು. ಕೊನೆಗೆ ಹಟ ಬಿಡದವರನ್ನು ದಕ್ಷಿಣ ಖಂಡಕ್ಕೆ ಕಳುಹಿಸಬೇಕಾಯಿತು. ಹಾಡಿನಲ್ಲಿದ್ದಾಗ ದಾರಿ ತೋರಿದ ಪೂರ್ವಿಕರು, ಮನೆಗೆ ಬಂದು ಕುಳಿತಾಗ ಭಾರವಾದರು. ಗತವೈಭವವನ್ನು ಮರಳಿ ತರುತ್ತೇವೆನ್ನುವವರು ಈ ಎರಡನೆಯ ಪುಸ್ತಕವನ್ನೂ ತಪ್ಪದೆ ಓದಬೇಕು.