ಮೊದಲಿನಾಕಿ ಎಲ್ಲಿ ಹೋದಳು?

1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ ಅವ್ವ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ರಾಜಕುಮಾರರ ಸಿನಿಮಾ ನೋಡಿ ಬಂದರೆ ಜೋರಾಪುರ ಪೇಟೆ ಮುಟ್ಟುವವರೆಗೂ ಮಾತಾಡುವಾಕೆ, ಅಂದು ಸಪ್ಪಗಿದ್ದಳು. ಮನೆಯ ಹೊಸ್ತಿಲಲ್ಲಿ ನಿಂತು, “ಅಲ್ಲವಾ, ಮೊದಲಿನಾಕಿ ಎಲ್ಲಿ ಹೋದಳು?” ಎಂದಳು. ನಾನಾಗ ಸಣ್ಣವಳು, ತಿಳಿಯಲಿಲ್ಲ.

ಮುಂದೆ ಶಾಲೆಯಲ್ಲಿ ಇತಿಹಾಸ ಕಲಿಸತೊಡಗಿದ ಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿದೆ. ದೊರೈ–ಭಗವಾನ್ ಜೋಡಿ ಜೇಮ್ಸ್ ಬಾಂಡ್ ಮಾದರಿಯಲ್ಲಿ ಸಿ.ಐ.ಡಿ. 999 ಪ್ರಕಾಶನನ್ನು ತಂದದ್ದು 1968ರ ‘ಜೇಡರ ಬಲೆ’ಯಲ್ಲಿ. ಅಲ್ಲಿ ಜಯಂತಿ ನಾಯಕಿ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ರಲ್ಲಿ ಲಕ್ಷ್ಮಿ. 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ರಲ್ಲಿ ರೇಖಾ. ಒಂಬತ್ತು ವರ್ಷ ಕಳೆದು, ಕಪ್ಪು-ಬಿಳುಪು ಹೋಗಿ ಬಣ್ಣ ಬಂದಾಗ ಪದ್ಮಪ್ರಿಯಾ. ನಾಯಕನೂ ಅವನೇ, ನಂಬರೂ ಅದೇ. ಅವಳು ಮಾತ್ರ ಪ್ರತಿಸಲ ಬೇರೆ.

ಇಂಗ್ಲಿಷ್ ಬಾಂಡ್ ಚಿತ್ರಗಳಲ್ಲೂ ಇದೇ ಪಾಡು. ಆದರೂ 1969ರ ಚಿತ್ರದಲ್ಲಿ ಸತ್ತ ಹೆಂಡತಿಯ ಗೋರಿಗೆ ಬಾಂಡ್ 1981ರ ಚಿತ್ರದಲ್ಲಿ ಹೂವು ಇಡುತ್ತಾನೆ. ಅಷ್ಟರಲ್ಲಿ ಬಾಂಡನ ಪಾತ್ರ ಮಾಡುವ ನಟನೇ ಬದಲಾಗಿದ್ದ, ಹೆಂಡತಿಯನ್ನು ಮರೆತಿರಲಿಲ್ಲ.

ಅವ್ವ ನಮ್ಮಪ್ಪನಿಗೆ ಎರಡನೆಯ ಸಂಬಂಧ. ಮೊದಲಿನಾಕೆ ಬಾಣಂತಿತನದಲ್ಲಿ ತೀರಿಕೊಂಡಿದ್ದಳಂತೆ. ಮನೆಯಲ್ಲಿ ಆಕೆಯ ಫೋಟೋ ಇರಲಿಲ್ಲ, ಅಪ್ಪ ಹೆಸರನ್ನೂ ಎತ್ತುತ್ತಿರಲಿಲ್ಲ. ಅವ್ವ ಮಾತ್ರ ವರ್ಷಕ್ಕೊಮ್ಮೆ ಓಣಿಯ ಒಬ್ಬ ಮುತ್ತೈದೆಯನ್ನು ಕರೆದು ಹೋಳಿಗೆ ಉಣಿಸಿ, ಉಡಿ ತುಂಬುತ್ತಿದ್ದಳು. “ಯಾರ ಹೆಸರಿಲೆ ಅವ್ವಾ?” ಎಂದರೆ, “ನಿಮ್ಮ ದೊಡ್ಡವ್ವಂದು” ಎನ್ನುತ್ತಿದ್ದಳು.

ಅವ್ವ ಹೋದ ಮೇಲೆ ಆ ಉಡಿ ನಾನು ತುಂಬುತ್ತಿದ್ದೇನೆ. ಈಗ ಎರಡು ಹೆಸರಿಲೆ.