ಹೊಸ ಮನೆಯ ಪಾಯ

ಕಟ್ಟಿ ಮುಗಿಸಿದ ಮನೆಯನ್ನು ಕೊಳ್ಳುವ ರೂಢಿ ನಮ್ಮ ಹಿರಿಯರಲ್ಲಿ ಬಹಳ ಇರಲಿಲ್ಲ. ಜಾಗ ಹಿಡಿದು, ಕಲ್ಲು ತರಿಸಿ, ಗೌಂಡಿಯ ಎದುರಿಗೇ ಕುಳಿತು ಅವರು ಮನೆ ಕಟ್ಟಿಸುತ್ತಿದ್ದರು. ಪಾಯದಲ್ಲಿ ಏನು ಬಿದ್ದಿದೆಯೆಂಬುದು ಮನೆಯ ಹುಡುಗರಿಗೂ ಗೊತ್ತಿರುತ್ತಿತ್ತು. ಇಂದು ತಾವು ಹುಬ್ಬಳ್ಳಿ ಇಲ್ಲವೆ ಧಾರವಾಡದಲ್ಲಿ ಹೊಸ ಮನೆ ನೋಡಲು ಹೋದರೆ ಕಾಣುವದು ಬಣ್ಣ ಮತ್ತು ನುಣುಪಾದ ಫರಸಿ. ಪಾಯ ಮಾತ್ರ ಕಾಣುವದಿಲ್ಲ.

ಹುಬ್ಬಳ್ಳಿಯೇ ಒಂದು ಕಾಲಕ್ಕೆ ಹೊಸ ಬಡಾವಣೆ ಎನ್ನಬಹುದು. ಸವಣೂರ ನವಾಬ ಮಜೀದಖಾನನ ಕಾಲದಲ್ಲಿ, 1727ರಲ್ಲಿ, ವರ್ತಕ ಬಸಪ್ಪ ಶೆಟ್ಟರರು ರಾಯರ ಹುಬ್ಬಳ್ಳಿಯ ಮಗ್ಗುಲಿಗೆ ಹೊಸ ಪೇಟೆಯನ್ನು ಕಟ್ಟಿಸಿದರು. ಮುಂದೆ 1898ರ ಪ್ಲೇಗು ಬಂದಾಗ ಜನ ಇಕ್ಕಟ್ಟಿನ ಓಣಿಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮನೆಗೆ ಗಾಳಿ, ಬೆಳಕು ಏಕೆ ಬೇಕೆಂಬುದನ್ನು ಆ ವರ್ಷ ಕಲಿಸಿದಷ್ಟು ಯಾವ ಪುಸ್ತಕವೂ ಕಲಿಸಿರಲಾರದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರಖಾನೆ ತೆರೆದ ತರುವಾಯ ಆ ಹಂಚು ನಮ್ಮ ಕಡೆಗೂ ಬಂದಿತು. ಮಳೆ ಹೆಚ್ಚಿನ ಧಾರವಾಡಕ್ಕೆ ಅದು ಒಗ್ಗಿತು. ಮೂಡಣದ ನವಲಗುಂದ, ಅಣ್ಣಿಗೇರಿಗಳ ಕಡೆ ಮಣ್ಣಿನ ಮಾಳಿಗೆಯೇ ಬಹುಕಾಲ ನಿಂತಿತು.

ಇಷ್ಟಕ್ಕೂ ಮಾಳಿಗೆಗಿಂತ ಮುಖ್ಯವಾದುದು ನೆಲ. ನಮ್ಮ ಅವಳಿ ನಗರ ಮಲೆನಾಡಿನ ಸೆರಗು, ಬಯಲುಸೀಮೆಯ ಅಂಚು. ಪಡುವಣಕ್ಕೆ ಕೆಮ್ಮಣ್ಣು, ಮೂಡಣಕ್ಕೆ ಎರೆ. ಎರೆಮಣ್ಣು ಮಳೆಯಲ್ಲಿ ಉಬ್ಬುವದು, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುವದು. ಜೋಳ, ಹತ್ತಿಗೆ ಅದು ತಾಯಿ, ಗೋಡೆಗೆ ಮಲತಾಯಿ. ಆದ್ದರಿಂದ ಬಲ್ಲ ಗೌಂಡಿಗಳು ಎರೆಯನ್ನು ತೆಗೆದು, ಗರಸು ಹತ್ತುವವರೆಗೆ ಅಗೆದು, ಅಲ್ಲಿಂದ ಕಲ್ಲು ಹಾಕುತ್ತಿದ್ದರು. ಎರೆ ಬಹಳ ಆಳವಿದ್ದರೆ ಈಗ ಬುಡದಲ್ಲಿ ಅಗಲವಾದ ಕಾಂಕ್ರೀಟು ಕಂಬಗಳನ್ನು ನೆಲದೊಳಗೆ ಇಳಿಸುವ ಪದ್ಧತಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇದನ್ನು ರೂಪಿಸಿತು. 'ಅಡಿಪಾಯ'ವೆಂಬ ಮಾತನ್ನೇ ನೋಡಿರಿ: 'ಅಡಿ' ಕನ್ನಡ, 'ಪಾಯ' ಪಾರಸಿ, ಎರಡಕ್ಕೂ ಅರ್ಥ ಕಾಲು. ಭಾಷೆಯೇ ಎರಡು ಸಲ ಹೇಳಿದ ವಿಷಯವನ್ನು ಕೊಳ್ಳುವವರು ಒಂದು ಸಲವಾದರೂ ಕೇಳುವದು ಒಳ್ಳೆಯದು.

ನಾನು ಕೇಳಲಿಲ್ಲ. ಸೇವೆಯ ಉಳಿತಾಯವನ್ನೆಲ್ಲ ಸುರಿದು ಶ್ರಾವಣದಲ್ಲಿ ಒಂದು ಹೊಸ ಮನೆ ಕೊಂಡೆ. ಗೋಡೆ ಕನ್ನಡಿಯಂತಿತ್ತು. ಮುಂದಿನ ಚೈತ್ರದಲ್ಲಿ ಪಡಸಾಲೆಯ ಮೂಲೆಯಿಂದ ಕಿಟಕಿಯವರೆಗೆ ಓರೆಯಾಗಿ ಬಿರುಕು ಬಿಟ್ಟಿತು. ಮಾರಿದವರು ಬಂದು ನೋಡಿ, "ಮಾಸ್ತರ, ಪ್ಲಾಸ್ಟರಿನ ಬಿರುಕರೀ, ಸುಣ್ಣಾ ಹಚ್ಚಿದ್ರ ಮುಚ್ಚತೈತಿ" ಎಂದರು. ಮಳೆಗಾಲದಲ್ಲಿ ಅದು ತಾನಾಗಿಯೇ ಮುಚ್ಚಿಕೊಂಡಿತು, ಬೇಸಿಗೆಗೆ ಮತ್ತೆ ತೆರೆಯಿತು. ಅದಕ್ಕೆ ನನ್ನ ಮಾತು: ಮನೆಯನ್ನು ಒಂದು ಸಲ ಮಳೆಯಲ್ಲಿ, ಒಂದು ಸಲ ಬಿಸಿಲಲ್ಲಿ ನೋಡಿರಿ. ಕೂದಲೆಳೆಯ ಬಿರುಕಿಗೆ ಹೆದರಬೇಡಿರಿ. ಓರೆಯಾಗಿ ಏರುವ ಬಿರುಕನ್ನು ಇಂಜಿನಿಯರರಿಗೆ ತೋರಿಸಿರಿ. ನೀರು ಎಷ್ಟು ದಿನಕ್ಕೊಮ್ಮೆ ಬರುವದೆಂದು ಮಾರುವವರನ್ನಲ್ಲ, ನೆರೆಮನೆಯ ತಾಯಂದಿರನ್ನು ಕೇಳಿರಿ. ನಾಲಾದ ಹಾದಿಯಲ್ಲಿ ಮನೆಯಿದೆಯೇ ಎಂಬುದನ್ನು ಹಳಬರು ಬಲ್ಲರು.

ಕಾಗದಪತ್ರದ ಮಾತು ಬೇಸರದ್ದು, ಆದರೆ ಬಿಡುವಂತಿಲ್ಲ. ನಾವು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಉತಾರ, ಸಿಟಿ ಸರ್ವೆ, ಎನ್.ಎ. ಎಂಬ ಮಾತುಗಳು ಇನ್ನೂ ನಮ್ಮ ಬಾಯಲ್ಲಿವೆ. ಹೊಲದ ಜಮೀನು ಎನ್.ಎ. ಆಗಿದೆಯೇ, ನಕಾಶೆಗೆ ಮಂಜೂರಾತಿ ಇದೆಯೇ, ಮಂಜೂರಾದ ಅಂತಸ್ತುಗಳಿಗಿಂತ ಹೆಚ್ಚು ಎದ್ದಿವೆಯೇ, ಸಾಲದ ಬೋಜಾ ಉಳಿದಿದೆಯೇ ಎಂದು ಒಬ್ಬ ವಕೀಲರಿಂದ ನೋಡಿಸಿರಿ. 2016ರ ರೇರಾ ಕಾಯದೆಯ ಪ್ರಕಾರ ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರು ಮೂವತ್ತು ದಿನಗಳಲ್ಲಿ ತಮ್ಮ ಖರ್ಚಿನಿಂದ ಸರಿಪಡಿಸಬೇಕು. ಆದರೆ ಐನೂರು ಚದರ ಮೀಟರಿಗೆ ಮೀರದ ಜಾಗಕ್ಕೂ ಎಂಟಕ್ಕೆ ಮೀರದ ಮನೆಗಳಿಗೂ ಅಲ್ಲಿ ನೋಂದಣಿಯ ಕಡ್ಡಾಯವಿಲ್ಲ. ಬಿಡಿ ಮನೆ ಕೊಳ್ಳುವವರು ಕರಾರಿನಲ್ಲಿಯೇ ಈ ಮಾತು ಬರೆಯಿಸಿಕೊಳ್ಳಬೇಕು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಇನ್ನೂ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಹಗಲಿನಲ್ಲಿಯೇ ಕುಸಿಯಿತು. ಕೆಳಗಿನ ಅಂಗಡಿಗಳಲ್ಲಿ ಆಗಲೇ ವ್ಯಾಪಾರ ನಡೆದಿತ್ತು. ಹತ್ತೊಂಬತ್ತು ಜನ ಸತ್ತರು. ಅವಶೇಷದ ಕೆಳಗಿಂದ ಜನರನ್ನು ತೆಗೆಯುವ ಕೆಲಸ ಹಲವು ದಿನ ನಡೆಯಿತು. ಆ ವಾರ ನಮ್ಮ ಶಾಲೆಯಲ್ಲಿ ಪಾಠ ಕೇಳುವವರೂ ಇರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ. ಮನೆಗೆ ಬಂದು ನಾನು ಮೊದಲು ನೋಡಿದ್ದು ಪಡಸಾಲೆಯ ಆ ಬಿರುಕನ್ನು. ಮರುದಿನವೇ ಇಂಜಿನಿಯರರನ್ನು ಕರೆತಂದೆ.